ಓದುಗರ ಪ್ರಶ್ನೆ: ಡೆಗಾನ ಬಣ್ಣದ ಕಡ್ಡಿ, ಬ್ಯಾಲೆ ಹುಡುಗೀರ ಕಾಲು ನೋವು

ಹೋದ ಸಂಚಿಕೆಯ ಹಿಂದಿನ ರಕ್ಷಾಪುಟದಲ್ಲಿ ಫ್ರೆಂಚ್ ಚಿತ್ರಕಾರ ಎಡ್ಗಾರ್ ಡೆಗಾನ ‘ತಾರೆ’ ಅನ್ನೋ ಚಿತ್ರ ಹಾಕಿದ್ವಿ, 1876ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಮಾಡಿದ್ದು, ಬಿಳಿ ಸ್ಕರ್ಟಿನ ಬ್ಯಾಲೆ ಹುಡುಗಿ ಒಬ್ಬಳೇ ಸ್ಟೇಜ್ ಮೇಲೆ ಕೈ ಚಾಚಿ ಕುಣೀತಿರೋದು. ಕೆಳಗೆ ಎರಡೇ ಸಾಲು ವಿವರ ಕೊಟ್ಟಿದ್ದು ಯಾರಿಗೂ ಸಾಕಾಗಿಲ್ಲ ಅಂತ ಕಾಣುತ್ತೆ, ಬಂದಿರೋ ಕಾಗದ, ಮೇಲ್, ವಾಟ್ಸ್ಆ್ಯಪ್ ಎಲ್ಲಾ ಅದರ ಬಗ್ಗೆನೇ. ಹಾಗಾಗಿ ಈ ಸಲ ಮಿಕ್ಕ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಪೂರ್ತಿ ಜಾಗ ಡೆಗಾಗೇ ಬಿಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ, ನಿಮ್ಮ ಊರಿನ ಹೆಸರು ಬಿಟ್ಟುಹೋಗಿದ್ರೆ ಬೇಜಾರು ಮಾಡ್ಕೋಬೇಡಿ.

ಚಿತ್ರದ ಕೆಳಗೆ ಪೇಸ್ಟಲ್ ಅಂತ ಬರೆದಿದ್ರಿ. ಅದು ನಮ್ಮ ಕ್ಲಾಸ್ ಬೋರ್ಡಲ್ಲಿ ಬರೆಯೋ ಬಣ್ಣದ ಚಾಕ್‌ಪೀಸೇನಾ? ಅದರಲ್ಲಿ ಇಂಥ ಹೊಳಪು ಬರುತ್ತಾ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಇಲ್ಲಮ್ಮ, ಬೋರ್ಡ್ ಚಾಕಲ್ಲಿ ಬರಲ್ಲ. ಎರಡೂ ಒಣ ಕಡ್ಡಿ, ಎರಡೂ ಉಜ್ಜಿದ್ರೆ ಪುಡಿ ಉದುರುತ್ತೆ, ಸಂಬಂಧ ಅಲ್ಲಿಗೆ ಮುಗೀತು. ಚಾಕ್‌ಪೀಸಿನಲ್ಲಿ ಬಹುಪಾಲು ಬಿಳಿ ಪುಡಿನೇ, ಬಣ್ಣ ಸುಮ್ನೆ ಹೆಸರಿಗೆ. ಒಳ್ಳೇ ಪೇಸ್ಟಲ್‌ನಲ್ಲಿ ಬಣ್ಣದ ಪುಡಿಯೇ ಮುಖ್ಯ, ಆಯಿಲ್ ಪೇಂಟ್‌ಗೆ ಹಾಕೋ ಅದೇ ಪಿಗ್ಮೆಂಟು, ಛಾಯೆ ತಿಳಿ ಮಾಡೋಕೆ ಬೇಕಾದಷ್ಟು ಸೀಮೆಸುಣ್ಣದ ಪುಡಿ, ಕಡ್ಡಿ ಕಡ್ಡಿಯಾಗಿ ನಿಲ್ಲೋಕೆ ಟ್ರ್ಯಾಗಕಾಂತ್ ಅನ್ನೋ ಗಿಡದ ಅಂಟು ಒಂಚೂರು, ಇಷ್ಟನ್ನ ನೀರಲ್ಲಿ ಕಲಸಿ ಹೊಸೆದು ಒಣಗಿಸೋದು. ಅಂಟು ಜಾಸ್ತಿ ಆದ್ರೆ ಕಡ್ಡಿ ಕಲ್ಲಾಗಿ ಪೇಪರ್ ಗೀರುತ್ತೆ, ಕಡಿಮೆ ಆದ್ರೆ ಬೆರಳಲ್ಲೇ ಪುಡಿಪುಡಿ. ಬಣ್ಣದ ಕಣದ ಸುತ್ತ ಎಣ್ಣೆ ಇರಲ್ಲ, ವಾರ್ನಿಶ್ ಇರಲ್ಲ, ಹಾಗಾಗಿ ಬೆಳಕು ನೇರವಾಗಿ ಪುಡಿಗೆ ಬಿದ್ದು ಚದುರುತ್ತೆ, ನೀನು ಹೊಳಪು ಅಂದಿದ್ದು ಅದನ್ನೇ. ಇನ್ನೊಂದು ಮಾತು, ಸ್ಟೇಷನರಿ ಅಂಗಡೀಲಿ ಡಬ್ಬೀಲಿ ಸಿಗೋ ಆಯಿಲ್ ಪೇಸ್ಟಲ್ ಬೇರೆ ಜಾತಿ, ಅದರಲ್ಲಿ ಎಣ್ಣೆ, ಮೇಣ ಇರುತ್ತೆ. ಡೆಗಾ ಬಳಸಿದ್ದು ಒಣ ಪೇಸ್ಟಲ್.

ಪ್ಯಾರಿಸ್‌ನಲ್ಲಿ ಆಗ ಆನ್ರಿ ರೋಶೆ ಅಂತ ಒಬ್ಬ ಇದ್ದ, ಓದಿದ್ದು ಕೆಮಿಸ್ಟ್ರಿ, ಆದ್ರೆ ತಲೆ ತುಂಬಾ ಪೇಸ್ಟಲ್. ಹಳೇ ಕಡ್ಡಿಗಳ ದೋಷ ಸರಿ ಮಾಡೋಕೆ ಕೂತ, ಕಲಾವಿದರನ್ನ ಕೇಳಿ ಕೇಳಿ ಹೊಸ ಛಾಯೆಗಳನ್ನ ತಯಾರಿಸಿದ, ಡೆಗಾ ಅವನ ಗಿರಾಕಿ. ಆ ಅಂಗಡಿ ಇವತ್ತಿಗೂ ಪ್ಯಾರಿಸ್‌ನಲ್ಲಿದೆ, ಈಗಲೂ ಕೈಯಲ್ಲೇ ಹೊಸೀತಾರೆ.

ಹಾಗಂತ ಡೆಗಾ ಶುರು ಮಾಡಿದ್ದು ಪೇಸ್ಟಲ್‌ನಿಂದ ಅಲ್ಲ. 1870ರ ದಶಕದ ಮೊದಲ ಭಾಗದ ನರ್ತಕಿಯರ ಡ್ರಾಯಿಂಗ್ ನೋಡಿದ್ರೆ ಬರೀ ಪೆನ್ಸಿಲ್, ಕರೀ ಚಾಕ್, ಇದ್ದಿಲು, ಮೇಲೆ ಬೆಳಕು ಬೀಳೋ ಕಡೆ ಬಿಳಿ ಚಾಕ್ ಎರಡು ಗೀರು. ಪೇಪರ್ ಗುಲಾಬಿ ಬಣ್ಣದ್ದು. ಬಿಳಿ ಪೇಪರ್ ಮೇಲೆ ಬಿಳಿ ಚಾಕ್ ಕಾಣಲ್ಲ ತಾನೇ, ಪೇಪರ್ರೇ ಮೈಬಣ್ಣದ ಕೆಲಸ ಮಾಡಿಬಿಡುತ್ತೆ, ಕರೀದು ನೆರಳು, ಬಿಳೀದು ಬೆಳಕು, ಮೂರೇ ಐಟಮ್ಮಲ್ಲಿ ಹುಡುಗಿ ಎದ್ದು ನಿಲ್ತಾಳೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಲ್ಲಿ 1873ರ ಒಂದು ಹಾಳೆ ಇದೆ, ಹುಡುಗಿ ಬಗ್ಗಿ ಚಪ್ಪಲಿ ಸರಿ ಮಾಡ್ಕೊಳ್ತಿರೋದು. ಆ ಗುಲಾಬಿ ಈಗ ಮಾಸಿಹೋಗಿದೆ. ಹುಡುಗಿ ಮೇಲೆಲ್ಲ ಚೌಕಳಿ ಗೆರೆ ಎಳೆದಿದ್ದಾನೆ, ನಿಮ್ಮ ಡ್ರಾಯಿಂಗ್ ಮೇಷ್ಟ್ರು ಫೋಟೋ ದೊಡ್ಡದು ಮಾಡೋಕೆ ಹಾಕಿಸ್ತಾರಲ್ಲ ಅದೇ ಚೌಕಳಿ. ಅಂದ್ರೆ ಅದು ಗೋಡೆಗೆ ನೇತು ಹಾಕೋಕೆ ಬಿಡಿಸಿದ್ದಲ್ಲ, ಪೇಂಟಿಂಗಿಗೆ ಸಾಗಿಸೋಕೆ ರೆಡಿ ಮಾಡ್ಕೊಂಡ ಸರಕು.

ಪೇಸ್ಟಲ್ ಕಡೆ ಪೂರ್ತಿ ವಾಲಿದ್ದು ಆಮೇಲೆ. ಫ್ರಾನ್ಸ್‌ನಲ್ಲಿ 18ನೇ ಶತಮಾನದಲ್ಲಿ ಪೇಸ್ಟಲ್ ಭಾರೀ ಫ್ಯಾಷನ್ ಆಗಿತ್ತು, ಮಾರಿಸ್ ಕ್ವಾಂತಾ ದ ಲಾ ತೂರ್ ಅಂಥವರು ಶ್ರೀಮಂತರ ಮುಖ ಬರೆದು ದುಡ್ಡು ಮಾಡಿದ್ರು, ಆಮೇಲೆ ಕ್ರಾಂತಿ ಬಂತು, ಆ ಶ್ರೀಮಂತರೂ ಹೋದ್ರು ಫ್ಯಾಷನ್ನೂ ಹೋಯ್ತು. ಡೆಗಾ ಅದನ್ನ ಮತ್ತೆ ಎತ್ಕೊಂಡಾಗ ಅದರ ಹಿಂದೆ ಹಣದ ಕಷ್ಟಾನೂ ಇತ್ತು. ಅಪ್ಪ ಬ್ಯಾಂಕರ್, 1874ರಲ್ಲಿ ತೀರಿಕೊಂಡಾಗ ನೋಡಿದ್ರೆ ಮನೆ ತುಂಬಾ ಸಾಲ, ತಮ್ಮ ರೆನೆ ಮಾಡಿದ್ದು ಬೇರೆ. ಮನೆತನದ ಮರ್ಯಾದೆ ಅಂತ ಮನೆ ಮಾರಿ, ಕೂಡಿಸಿಟ್ಟ ಚಿತ್ರಗಳನ್ನ ಮಾರಿ ತೀರಿಸಿದ, ಅಲ್ಲಿಂದ ಮುಂದೆ ಚಿತ್ರ ಮಾರಿಯೇ ಊಟ. ಆಯಿಲ್ ಒಣಗೋಕೆ ಕಾಯಬೇಕು, ಪೇಸ್ಟಲ್ ಕಾಯಲ್ಲ. ಜೊತೆಗೆ ಒಂದೇ ಕಡ್ಡೀಲಿ ಗೆರೆ ಎಳೀತಾನೇ ಬಣ್ಣಾನೂ ತುಂಬಬಹುದು, ಗೆರೆ ಅಂದ್ರೆ ಪ್ರಾಣ ಬಿಡೋ ಮನುಷ್ಯನಿಗೆ ಇನ್ನೇನು ಬೇಕು. ಚಿಕ್ಕ ವಯಸ್ಸಲ್ಲಿ ಹಿರಿಯ ಕಲಾವಿದ ಆ್ಯಂಗ್ರ್‌ನ ನೋಡೋಕೆ ಹೋಗಿದ್ದಾಗ ಗೆರೆ ಎಳಿ, ಎಳೀತಾನೇ ಇರು ಅಂತ ಆತ ಹೇಳಿದ್ದನ್ನ ಡೆಗಾ ಸಾಯೋವರೆಗೂ ಹೇಳ್ಕೊಂಡು ಓಡಾಡ್ತಿದ್ದ.

ನಾನು ಭರತನಾಟ್ಯ ಕಲೀತಿದ್ದೀನಿ. ಡೆಗಾನ ಚಿತ್ರಗಳನ್ನ ಹುಡುಕಿ ನೋಡಿದೆ, ಅರ್ಧಕ್ಕರ್ಧ ಚಿತ್ರದಲ್ಲಿ ಯಾರೂ ಕುಣೀತಾನೇ ಇಲ್ಲ! ಕೂತು ಕಾಲು ಉಜ್ಕೊಳ್ತಿರ್ತಾರೆ, ಆಕಳಿಸ್ತಿರ್ತಾರೆ. ಯಾಕೆ? (ಮೈಸೂರು)

ನೀವು ಕಲೀತಿರೋದ್ರಿಂದಾನೇ ನಿಮ್ಮ ಕಣ್ಣಿಗೆ ಬಿದ್ದಿದೆ. ಶೋ ಎರಡು ಗಂಟೆ, ಅದಕ್ಕೆ ಮುಂಚೆ ಎಷ್ಟು ವರ್ಷ ಬಾರ್ (ಅಭ್ಯಾಸಕ್ಕೆ ಗೋಡೆ ಪಕ್ಕ ಹಾಕಿರೋ ಅಡ್ಡ ಕಂಬಿ) ಹಿಡ್ಕೊಂಡು ಕಾಲೆತ್ತಿ ಕಾಲಿಳಿಸಿದ್ದಾರೆ ಅನ್ನೋದು ಟಿಕೆಟ್ ತಗೊಂಡು ಬಂದವನಿಗೆ ಕಾಣಲ್ಲ. ಡೆಗಾ ಪೂರ್ತಿ ಅಲ್ಲೇ ಠಿಕಾಣಿ ಹಾಕಿದ. ಡ್ರಾಯಿಂಗ್, ಪೇಸ್ಟಲ್, ಆಯಿಲ್, ಮೇಣದ ಗೊಂಬೆ ಎಲ್ಲಾ ಸೇರಿ ನರ್ತಕಿಯರದ್ದೇ ಸುಮಾರು 1,500 ಕೃತಿ ಮಾಡಿದ್ದಾನೆ ಅಂತಾರೆ, ಅದರಲ್ಲಿ ಪರದೆ ಮೇಲೆದ್ದ ಮೇಲಿನ ಕ್ಷಣಗಳಿಗಿಂತ ಕ್ಲಾಸು, ರಿಹರ್ಸಲ್ಲು, ಕಾಯೋದು, ಸುಸ್ತಾಗೋದು, ಲಾಡಿ ಕಟ್ಕೊಳ್ಳೋದು ಇವೇ ಜಾಸ್ತಿ.

‘ಕಾಯುವಿಕೆ’ ಅಂತ 1882ರ ಸುಮಾರಿನ ಒಂದು ಪೇಸ್ಟಲ್ ಇದೆ, ನನ್ನ ಕೇಳಿದ್ರೆ ಎಲ್ಲಕ್ಕಿಂತ ಮೊದಲು ಇದನ್ನ ನೋಡಬೇಕು. ಒಂದು ಬೆಂಚು, ಮೇಲಿಂದ ನೋಡಿದ ಹಾಗಿದೆ. ಒಂದು ಕಡೆ ಹುಡುಗಿ ಸ್ಕರ್ಟ್ ಹರಡ್ಕೊಂಡು ಪೂರ್ತಿ ಮುಂದಕ್ಕೆ ಬಗ್ಗಿ ಕಣಕಾಲು ಹಿಡ್ಕೊಂಡಿದ್ದಾಳೆ, ಮುಖ ಸರಿಯಾಗಿ ಕಾಣಲ್ಲ. ಪಕ್ಕದಲ್ಲಿ ತಲೆಯಿಂದ ಕಾಲವರೆಗೆ ಕಪ್ಪು ಬಟ್ಟೆಯ ಹೆಂಗಸು, ಟೋಪಿ, ಕೈಯಲ್ಲಿ ಛತ್ರಿ, ಅದರ ತುದಿ ನೆಲಕ್ಕೆ ಚುಚ್ಚಿ ಇವಳೂ ಮುಂದಕ್ಕೆ ಬಾಗಿ ಕೂತಿದ್ದಾಳೆ. ಅಮ್ಮನೋ ಯಾರೋ. ಎಕ್ಸಾಮಿಗೆ ಕರೀಲಿ ಅಂತ ಕಾಯ್ತಿದ್ದಾರೋ ಎಕ್ಸಾಮ್ ಮುಗಿದು ರಿಸಲ್ಟ್‌ಗೆ ಕಾಯ್ತಿದ್ದಾರೋ ಚಿತ್ರ ಹೇಳಲ್ಲ. ಹುಡುಗಿಯ ಬಿಳಿ-ನೀಲಿ ಪೇಸ್ಟಲ್ ಪೂರ್ತಿ ನೊರೆ ನೊರೆ, ಹೆಂಗಸಿನ ಕಪ್ಪು ಮಟ್ಟಸವಾಗಿ ಒತ್ತಿ ಬಳಿದಿದ್ದು, ಎರಡೂ ಒಂದಕ್ಕೊಂದು ಮುಟ್ಟೋ ಅಂಚಲ್ಲಿ ಕಣ್ಣು ಸಿಕ್ಕಿಹಾಕ್ಕೊಳ್ಳುತ್ತೆ. ಮಿಕ್ಕ ಜಾಗವೆಲ್ಲ ಬರೀ ನೆಲ. ಆ ಖಾಲಿ ನೆಲ ಬಿಡೋಕೆ ಧೈರ್ಯ ಬೇಕು ಸ್ವಾಮಿ, ಬೇರೆ ಯಾರಾದ್ರೂ ಆಗಿದ್ರೆ ಅಲ್ಲೊಂದು ಹೂಗುಚ್ಛನೋ ಬೆಕ್ಕೋ ಕೂರಿಸಿಬಿಡ್ತಿದ್ರು.

ಅವನ ಪಾಠದ ಕೋಣೆಗಳಲ್ಲಿ ಇನ್ನೊಂದು ವಸ್ತು ಗಮನಿಸಿ, ಗಿಡಕ್ಕೆ ನೀರು ಹಾಕೋ ಡಬ್ಬಿ. ಡ್ಯಾನ್ಸ್ ಕ್ಲಾಸಲ್ಲಿ ಅದೇನು ಕೆಲಸ ಅಂತ ಇನ್ನೊಬ್ಬರು ಕೇಳಿದ್ದಾರೆ. ಮರದ ಹಲಗೆ ನೆಲ, ಹತ್ತಾರು ಹುಡುಗೀರು ಕುಣಿದ್ರೆ ಧೂಳು ಏಳುತ್ತೆ, ಅದಕ್ಕೆ ಆಗಾಗ ನೀರು ಚಿಮುಕಿಸ್ತಿದ್ರು. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಮ್ಮಿನ ‘ಬ್ಯಾಲೆ ಕ್ಲಾಸ್’ ಅನ್ನೋ ಆಯಿಲ್ ಪೇಂಟಿಂಗಲ್ಲಿ ಮುದುಕ ಮೇಷ್ಟ್ರು ಜೂಲ್ಸ್ ಪೆರೋ, ಅವನು ತನ್ನ ಕಾಲದ ದೊಡ್ಡ ನರ್ತಕ, ಉದ್ದದ ಕೋಲು ಊರಿ ಪಾಠ ಮಾಡ್ತಿದ್ರೆ ಒಬ್ಬಳು ಪಿಯಾನೋ ಮೇಲೆ ಹತ್ತಿ ಕೂತು ಬೆನ್ನು ಕೆರ್ಕೊಳ್ತಿದ್ದಾಳೆ! ಮೇಷ್ಟ್ರ ಗಂಭೀರ ಮುಖಕ್ಕೆ ಈ ಬೆನ್ನು ಕೆರೆತ ಸರಿಸಮ ಅಂತ ಡೆಗಾಗೆ ಅನ್ಸಿದೆ.

ಮತ್ತೆ ಒಂದು ಪುಟ್ಟ ಡ್ರಾಯಿಂಗು, ಇದೂ ಮೆಟ್ರೊಪಾಲಿಟನ್‌ದೇ, 1878-80ರ ಸುಮಾರಿನದು, ಗುಲಾಬಿ ಪೇಪರ್ ಮೇಲೆ ಕರೀ ಚಾಕ್. ತುಂಬಾ ಚಿಕ್ಕ ಹುಡುಗಿ ಬಾರ್ ಹಿಡಿದು ಕಾಲು ಪಕ್ಕಕ್ಕೆತ್ತಿದ್ದಾಳೆ. ಪಕ್ಕದಲ್ಲೇ ಡೆಗಾ ತನಗೆ ತಾನೇ ನೋಟ್ ಬರ್ಕೊಂಡಿದ್ದಾನೆ: ಯಾವ ಅಭ್ಯಾಸ ಅಂತ ಅದರ ಫ್ರೆಂಚ್ ಹೆಸರು, ಆಮೇಲೆ ಮೊಣಕೈ ಮೂಳೆ ಚೆನ್ನಾಗಿ ಎದ್ದು ಕಾಣಬೇಕು ಅಂತ. ಸೊಬಗು ಗಿಬಗು ಏನೂ ಇಲ್ಲ, ಮೂಳೆ! ನಿಮ್ಮ ಗುರುಗಳೂ ಇದನ್ನೇ ಹೇಳ್ತಿರ್ತಾರೇನೋ, ಕೇಳಿ ನೋಡಿ.

‘ತಾರೆ’ ಚಿತ್ರದಲ್ಲಿ ಹಿಂದುಗಡೆ ಪರದೆ ಮರೆಯಲ್ಲಿ ಒಬ್ಬ ಕಪ್ಪು ಕೋಟಿನವನು ನಿಂತಿದ್ದಾನೆ, ತಲೆ ಕಾಣಲ್ಲ. ಯಾರವನು? (ಶಿವಮೊಗ್ಗ, ದಾವಣಗೆರೆ, ಇನ್ನೂ ಮೂರ್ನಾಲ್ಕು ಊರಿಂದ)

ಇಷ್ಟು ಜನ ಅವನನ್ನ ಕಂಡುಹಿಡಿದಿದ್ದು ಖುಷಿ. ಅವನು ‘ಅಬೋನೆ’, ಅಂದ್ರೆ ಒಪೆರಾದ (ಈ ಹುಡುಗೀರು ಕುಣೀತಿದ್ದ ಪ್ಯಾರಿಸ್‌ನ ರಂಗಮಂದಿರ) ಸೀಸನ್ ಚಂದಾದಾರ. ವರ್ಷಕ್ಕೆ ಇಷ್ಟು ಅಂತ ದೊಡ್ಡ ಮೊತ್ತ ಕಟ್ಟಿ ಬಾಕ್ಸ್ ಹಿಡಿದ ಶ್ರೀಮಂತ ಗಂಡಸರಿಗೆ ಸ್ಟೇಜ್ ಹಿಂದೆ ಓಡಾಡೋ ಹಕ್ಕು ಸಿಗ್ತಿತ್ತು, ನರ್ತಕಿಯರು ಮೈ ಬಿಸಿ ಮಾಡ್ಕೊಳ್ಳೋ ಕೋಣೆಗೂ ಹೋಗಬಹುದಿತ್ತು. ಹೋಗಿ ಏನ್ ಮಾಡ್ತಿದ್ರು ಅಂತ ಬಿಡಿಸಿ ಹೇಳಬೇಕಾ? ಹುಡುಗೀರು ಬಡವರ ಮನೆಯವರು, ಸಂಬಳ ಕಡಿಮೆ, ಕೆಲವು ಅಮ್ಮಂದಿರೇ ಮುಂದೆ ನಿಂತು ಪರಿಚಯ ಮಾಡಿಸ್ತಿದ್ರು, ಒಬ್ಬ ‘ಪೋಷಕ’ ಸಿಕ್ಕಿದ್ರೆ ಮನೆಗೆ ಬಾಡಿಗೆ, ಹುಡುಗಿಗೆ ಒಳ್ಳೇ ಪಾತ್ರ. ಎಲ್ಲಾ ಬಹಿರಂಗವಾಗೇ ನಡೀತಿತ್ತು.

ಈಗ ಚಿತ್ರಾನ ಇನ್ನೊಂದು ಸಲ ನೋಡಿ. ಅವಳ ಕತ್ತಲ್ಲಿ ಕಪ್ಪು ರಿಬ್ಬನ್ ಹಾರ್ತಿದೆ, ಹಿಂದೆ ಅವನ ಕೋಟೂ ಅದೇ ಕಪ್ಪು. ಇಡೀ ಹಾಳೇಲಿ ಅಷ್ಟು ಗಾಢ ಕಪ್ಪು ಬೇರೆ ಕಡೆ ಹೆಚ್ಚಿಲ್ಲ, ಕಣ್ಣು ತಾನಾಗೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಡೆಗಾ ಇದನ್ನ ಬೇಕಂತಲೇ ಮಾಡಿದ್ದಾನೆ ಅಂತ ನಾನು ನಂಬ್ತೀನಿ. ಖಂಡಿಸಿ ಭಾಷಣ ಮಾಡಿಲ್ಲ, ಮುಚ್ಚಿಟ್ಟೂ ಇಲ್ಲ.

ಈ ಹುಡುಗೀರನ್ನ ಪ್ಯಾರಿಸ್ ಜನ ‘ಪುಟ್ಟ ಇಲಿಗಳು’ ಅಂತ ಕರೀತಿದ್ರು. ಒಬ್ಬಳ ಕತೆ ಗೊತ್ತಿದೆ, ಮಾರಿ ವಾನ್ ಗೋಥೆಮ್, 1865ರಲ್ಲಿ ಹುಟ್ಟಿದ್ದು, ಬೆಲ್ಜಿಯಂನಿಂದ ಬಂದ ಬಡ ಸಂಸಾರ, ಅಮ್ಮ ಬಟ್ಟೆ ಒಗೆಯೋಳು. ಡೆಗಾನ ಮೇಣದ ಶಿಲ್ಪ ‘ಹದಿನಾಲ್ಕರ ಪುಟ್ಟ ನರ್ತಕಿ’ಗೆ ಮಾಡೆಲ್ ಇವಳೇ, ಅದಕ್ಕೆ ಮುಂಚೆ ಇವಳನ್ನ ಸುತ್ತಲೂ ತಿರುಗಿಸಿ ನಿಲ್ಲಿಸಿ ಚಾಕಲ್ಲಿ ಎಷ್ಟೋ ಹಾಳೆ ಬಿಡಿಸಿದ್ದಾನೆ. 1881ರಲ್ಲಿ ಆ ಶಿಲ್ಪವನ್ನ ನಿಜವಾದ ಸ್ಕರ್ಟು, ನಿಜವಾದ ಕೂದಲು, ರಿಬ್ಬನ್ ಸಮೇತ ಗಾಜಿನ ಪೆಟ್ಟಿಗೇಲಿ ಪ್ರದರ್ಶನಕ್ಕಿಟ್ಟಾಗ ವಿಮರ್ಶಕರು ಕೋತಿ ಥರ ಇದ್ದಾಳೆ ಅಂತೆಲ್ಲ ಬರೆದ್ರು. ಬೈದಿದ್ದು ಶಿಲ್ಪಕ್ಕೆ, ಬಿದ್ದಿದ್ದು ಹುಡುಗಿಗೆ. ಮರುವರ್ಷ, 1882ರಲ್ಲಿ, ಸರಿಯಾಗಿ ಬರ್ತಿಲ್ಲ ಅಂತ ಒಪೆರಾದವರು ಅವಳನ್ನ ಕೆಲಸದಿಂದ ತೆಗೆದ್ರು. ತಂಗಿ ಮಾತ್ರ ಅಲ್ಲೇ ಉಳ್ಕೊಂಡು ಮುಂದೆ ಬ್ಯಾಲೆ ಟೀಚರ್ ಆದಳು.

ಡೆಗಾ ಸ್ಟೇಜ್ ಪಕ್ಕ ಕೂತೇ ಇವನ್ನೆಲ್ಲ ಬಿಡಿಸ್ತಿದ್ನಾ? (ವಿಜಯಪುರ)

ಇಲ್ಲ. ಬಿಡಿಸಿದ್ದೆಲ್ಲ ಸ್ಟುಡಿಯೋದಲ್ಲಿ, ಹುಡುಗೀರನ್ನ ಕರೆಸಿ ಪೋಸ್ ಕೊಡಿಸಿ, ಇಲ್ಲಾ ನೆನಪಿಂದ. 1870ರ ದಶಕದಲ್ಲಿ ಅವನಿಗೆ ಒಳಗೆ ಹೋಗೋಕೆ ಸಲೀಸಾಗಿ ಬಿಡ್ತಾನೂ ಇರ್ಲಿಲ್ಲ, ಆಲ್ಬೆರ್ ಎಶ್ಟ್ ಅನ್ನೋ ಸ್ನೇಹಿತನಿಗೆ ಕಾಗದ ಬರೆದು ಡ್ಯಾನ್ಸ್ ಎಕ್ಸಾಮ್ ದಿನ ಒಂದು ಪಾಸ್ ಕೊಡಿಸಪ್ಪಾ, ನೋಡದೇನೇ ಇಷ್ಟೊಂದು ಎಕ್ಸಾಮ್ ಚಿತ್ರ ಮಾಡಿಬಿಟ್ಟಿದ್ದೀನಿ ನಾಚಿಕೆ ಆಗುತ್ತೆ ಅನ್ನೋ ಅರ್ಥದಲ್ಲಿ ಕೇಳ್ಕೊಂಡಿದ್ದಾನೆ. ತಮಾಷೆ ಏನಂದ್ರೆ ಲ ಪೆಲೆತಿಯೆ ಬೀದಿಯ ಹಳೇ ಒಪೆರಾ 1873ರ ಅಕ್ಟೋಬರ್‌ನಲ್ಲಿ ಸುಟ್ಟು ಬೂದಿ ಆಯ್ತು, ಹೊಸದು, ಅದೇ ಈಗ ಟೂರಿಸ್ಟ್‌ಗಳು ಮುಗಿಬೀಳೋ ಗಾರ್ನಿಯೆ, 1875ರ ಜನವರೀಲಿ ಶುರುವಾಯ್ತು, ಡೆಗಾ ಮಾತ್ರ ಸುಟ್ಟುಹೋದ ಕಟ್ಟಡದ ಕೋಣೆಗಳನ್ನೇ ಆಮೇಲೂ ಬಿಡಿಸ್ತಾ ಕೂತ. ಅವನ ಚಿತ್ರ ನೋಡಿದ್ರೆ ಆಗಿಂದಾಗ್ಗೆ ಕದ್ದು ಕ್ಲಿಕ್ಕಿಸಿದ ಫೋಟೋ ಥರ ಕಾಣುತ್ತೆ, ಅರ್ಧ ಕಾಲು ಕಟ್, ಅರ್ಧ ತಲೆ ಕಟ್. ಅದೆಲ್ಲ ಲೆಕ್ಕ ಹಾಕಿ ಮಾಡಿದ್ದು. ನನ್ನಷ್ಟು ಪೂರ್ವತಯಾರಿ ಮಾಡೋರು ಯಾರೂ ಇಲ್ಲ ಅಂತ ಅವನೇ ಹೇಳ್ಕೊಳ್ತಿದ್ದ.

ನಾನು ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಪೇಸ್ಟಲ್ ಎಷ್ಟೇ ಮಾಡಿದ್ರೂ ಎರಡು ಪದರ ಆದ್ಮೇಲೆ ಬಣ್ಣ ಕೆಸರಾಗುತ್ತೆ. ಡೆಗಾ ಪದರದ ಮೇಲೆ ಪದರ ಹೇಗೆ ಹಾಕ್ತಿದ್ದ? (ಹಾವೇರಿ)

ಸಾರ್, ಈ ಪ್ರಶ್ನೆಗೆ ಒಂದು ಸಂಚಿಕೆ ಪೂರ್ತಿ ಬರೀಬಹುದು. ಪೇಪರಿನ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಂಡಿ ಇರುತ್ತಲ್ಲ, ಎರಡು ಪದರಕ್ಕೇ ಆ ಗುಂಡಿಗಳು ಪುಡಿಯಿಂದ ತುಂಬಿಬಿಡ್ತವೆ, ಮೂರನೇ ಬಣ್ಣಕ್ಕೆ ಹಿಡಿದು ನಿಲ್ಲೋಕೆ ಜಾಗ ಇಲ್ಲ, ಕೆಳಗಿನ ಪುಡಿ ಜೊತೆ ಕಲೆಸಿ ಕೆಸರು. ಡೆಗಾ ಮಾಡಿದ್ದು ಒಂದು ಪದರ ಹಾಕಿ ಫಿಕ್ಸೆಟಿವ್ (ಪುಡಿ ಉದುರದ ಹಾಗೆ ಹಿಡಿದಿಡೋ ದ್ರವ) ಊದಿ ಗಟ್ಟಿ ಮಾಡೋದು, ಒಣಗಿದ ಮೇಲೆ ಅದೇ ಹೊಸ ಒರಟು ಮೇಲ್ಮೈ, ಅದರ ಮೇಲೆ ಇನ್ನೊಂದು ಬಣ್ಣ, ಮತ್ತೆ ಊದೋದು. ಮಾಮೂಲಿ ಫಿಕ್ಸೆಟಿವ್ ಹೊಡೆದ್ರೆ ಬಣ್ಣ ಕಂದುತ್ತೆ ಅನ್ನೋದು ನಿಮಗೂ ಗೊತ್ತು, ಅವನಿಗೆ ಲುಯಿಜಿ ಕಿಯಾಲಿವಾ ಅನ್ನೋ ಇಟಾಲಿಯನ್ ಚಿತ್ರಕಾರ ಸ್ನೇಹಿತ ತಾನೇ ಕಂಡುಹಿಡಿದ ಒಂದು ದ್ರವ ಕೊಡ್ತಿದ್ದ, ಅದರ ರೆಸಿಪಿ ಗುಟ್ಟು. ಕೊನೇ ಪದರಕ್ಕೆ ಏನೂ ಊದದೆ ಬಿಟ್ಟರೆ ಅದರ ಪುಡಿ ಹೊಳಪು ಹಾಗೇ ಉಳಿಯುತ್ತೆ, ಇದು ಇವತ್ತಿಗೂ ಪೇಸ್ಟಲ್ ಮಾಡೋರು ಪಾಲಿಸೋ ವಿಷ್ಯ.

ಎರಡನೇದು, ಬಣ್ಣಾನ ಬೆರಳಲ್ಲಿ ತೀಡಿ ಬೆರೆಸೋದನ್ನ ಬರ್ತಾ ಬರ್ತಾ ಕಡಿಮೆ ಮಾಡಿದ. ಹಸಿರಿನ ಮೇಲೆ ಕಿತ್ತಳೆ ಗೀರು, ಅದರ ಮೇಲೆ ಗುಲಾಬಿ ಗೀರು, ಗೀರು ಗೀರಿನ ಮಧ್ಯೆ ಕೆಳಗಿನದ್ದು ಇಣುಕುತ್ತೆ, ಕಣ್ಣೇ ಬೆರೆಸ್ಕೊಳ್ಳುತ್ತೆ. ನಿಮ್ಮ ಹುಡುಗರಿಗೆ ಇದೊಂದು ಹೇಳಿ ಸಾಕು, ತೀಡಬೇಡಿ ಅಂತ.

ಇನ್ನೊಂದು ದಾರಿ ನೀರು. ಪೇಸ್ಟಲ್ ಹಚ್ಚಿದ ಜಾಗಕ್ಕೆ ಕುದಿಯೋ ನೀರಿನ ಹಬೆ ಹಾಯಿಸ್ತಿದ್ದ, ಪುಡಿ ಒದ್ದೆಯಾಗಿ ಪೇಸ್ಟ್ ಆಗ್ತಿತ್ತು, ಅದನ್ನ ಗಟ್ಟಿ ಬ್ರಷ್‌ನಲ್ಲಿ ಎಳೆದು ಬಳೀತಿದ್ದ, ಹಾಗಾಗಿ ಒಂದೇ ಹಾಳೇಲಿ ಮೈ ಭಾಗ ಪೇಂಟ್ ಥರ, ಸ್ಕರ್ಟ್ ಭಾಗ ಒಣ ಚಾಕ್ ಥರ. ಗುವಾಶ್, ಟೆಂಪೆರಾ ಅನ್ನೋ ನೀರಲ್ಲಿ ಕಲಸೋ ಬಣ್ಣಗಳು, ಇದ್ದಿಲು ಏನು ಸಿಕ್ಕಿದ್ರೂ ಜೊತೆಗೆ ಸೇರಿಸ್ತಿದ್ದ.

ನಮ್ಮ ‘ತಾರೆ’ ಶುರುವಾಗಿದ್ದೇ ಚಾಕಿನಿಂದ ಅಲ್ಲ ಅಂದ್ರೆ ನಿಮಗೆ ಆಶ್ಚರ್ಯ ಆಗಬಹುದು. ಅದು ಮಾನೋಟೈಪ್ ಮೇಲೆ ಮಾಡಿದ ಪೇಸ್ಟಲ್. ಲೋಹದ ತಗಡಿನ ಮೇಲೆ ಪ್ರಿಂಟಿಂಗ್ ಇಂಕ್ ಬಳಿಯೋದು, ಬಟ್ಟೆ, ಬೆರಳು, ಬ್ರಷ್ಷಿನ ಹಿಂದಿನ ತುದಿ ಇಟ್ಕೊಂಡು ಬೇಡದ ಕಡೆ ಒರೆಸಿ ತೆಗೆದು ಬೆಳಕು ಮಾಡೋದು, ಒದ್ದೆ ಪೇಪರ್ ಇಟ್ಟು ಪ್ರೆಸ್ಸಲ್ಲಿ ಒತ್ತೋದು. ಒಂದು ಒಳ್ಳೇ ಪ್ರಿಂಟ್ ಬರುತ್ತೆ, ಎರಡನೇದು ಬೂದಿ ಬೂದಿ, ಬೇರೆಯವರು ಎಸೆಯೋ ಆ ಎರಡನೇ ಪ್ರಿಂಟನ್ನ ಡೆಗಾ ಎಷ್ಟೋ ಸಲ ಅಡಿಪಾಯ ಮಾಡ್ಕೊಂಡು ಮೇಲೆ ಪೇಸ್ಟಲ್ ಹಚ್ಚಿದ್ದಾನೆ. ನೆರಳು-ಬೆಳಕು ರೆಡಿ ಇದೆ, ಬಣ್ಣ ಹಾಕಿದ್ರಾಯ್ತು. ಇದನ್ನ ಅವನಿಗೆ ಹೇಳಿಕೊಟ್ಟಿದ್ದು ಚಿತ್ರಕಾರ ಸ್ನೇಹಿತ ಲುಡೊವಿಕ್ ಲೆಪಿಕ್, 1870ರ ದಶಕದ ಮಧ್ಯದಲ್ಲಿ, ಮೊದಲನೇ ತಗಡಿನ ಮೇಲೆ ಇಬ್ಬರ ಸಹೀನೂ ಇದೆ, ಅದರ ವಿಷಯ ಒಬ್ಬ ಬ್ಯಾಲೆ ಮೇಷ್ಟ್ರು. ‘ತಾರೆ’ಯ ಅಳತೆ ಸುಮಾರು 58 ಸೆಂ.ಮೀ. ಎತ್ತರ, 42 ಅಗಲ, ನೀವು ಅಂದ್ಕೊಂಡಿರೋದಕ್ಕಿಂತ ಚಿಕ್ಕದು.

ವಯಸ್ಸಾದ ಮೇಲೆ ಟ್ರೇಸಿಂಗ್ ಪೇಪರ್ ಹುಚ್ಚು ಹಿಡೀತು. ಒಂದು ಇದ್ದಿಲ ಡ್ರಾಯಿಂಗ್ ಮಾಡಿ ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮತ್ತೆ ಬಿಡಿಸೋದು, ಕೈ ಒಂಚೂರು ಮೇಲೆ, ಸೊಂಟ ಒಂಚೂರು ಆಚೆ, ಅದರ ಮೇಲೆ ಇನ್ನೊಂದು, ಹಾಳೆ ಮಗುಚಿ ಹಾಕಿದ್ರೆ ಎಡದವಳು ಬಲಕ್ಕೆ ಬರ್ತಾಳೆ, ಹೀಗೆ ಒಂದೇ ಹುಡುಗಿಯಿಂದ ಮೂರು ನಾಲ್ಕು ಹುಡುಗೀರು. ಜಾಗ ಸಾಲದಿದ್ರೆ ಅಂಚಿಗೆ ಪಟ್ಟಿ ಅಂಟಿಸೋದು. ನೀವು ಗ್ರೇಡ್ ಎಕ್ಸಾಮ್ ಹುಡುಗರಿಗೆ ಟ್ರೇಸ್ ಮಾಡಿದ್ರೆ ಮಾರ್ಕ್ ಕಟ್ ಅಂತೀರಿ, ಗೊತ್ತು. ಈ ಉತ್ತರಾನ ಅವರಿಗೆ ತೋರಿಸಬೇಡಿ.

ಕೊನೆಗಾಲಕ್ಕೆ ಅವನಿಗೆ ಕಣ್ಣು ಕಾಣ್ತಿರ್ಲಿಲ್ಲ, ಅದಕ್ಕೇ ಚಿತ್ರ ಮಸುಕು ಮಸುಕು ಅಂತ ಓದಿದ್ದೆ. ನಿಜಾನಾ? (ತುಮಕೂರು)

ಅರ್ಧ ನಿಜ. 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಪ್ಯಾರಿಸ್ ಕಾಯೋಕೆ ಸೇರ್ಕೊಂಡಾಗ ಬಂದೂಕು ಗುರಿ ಹಿಡಿಯೋವಾಗ್ಲೇ ಬಲಗಣ್ಣಿನ ದೋಷ ಗೊತ್ತಾಯ್ತು, ಆಗ ವಯಸ್ಸು 36. ಆಮೇಲೆ ಬಿಸಿಲು ತಡೀತಿರ್ಲಿಲ್ಲ, ಸ್ನೇಹಿತರಾದ ಮೊನೆ, ಪಿಸಾರೊ ಎಲ್ಲ ಈಸೆಲ್ ಹೊತ್ತು ಬಯಲಿಗೆ ಹೋದ್ರೆ ಇವನು ಹೊರಗೆ ಕೂತು ಬಿಡಿಸೋದನ್ನೇ ಆಡ್ಕೊಳ್ತಿದ್ದ, ಅದಕ್ಕೆ ಕಣ್ಣಿನ ಕಾರಣ ಎಷ್ಟೋ ಸ್ವಭಾವದ ಕಾರಣ ಎಷ್ಟೋ. ಬರ್ತಾ ಬರ್ತಾ ನೋಟದ ಮಧ್ಯಭಾಗವೇ ಹೋಯ್ತು, ಗೆರೆ ದಪ್ಪ ಆಯ್ತು, ಬಣ್ಣ ಜೋರಾಯ್ತು, ಮುಖದ ವಿವರ ಮಾಯ ಆಯ್ತು, ಅದು ಒಪ್ಪೋ ಮಾತೇ. ಆದ್ರೆ ಮಾಸ್ಕೋದ ಪುಷ್ಕಿನ್ ಮ್ಯೂಸಿಯಮ್ಮಿನ ‘ನೀಲಿ ನರ್ತಕಿಯರು’, 1897ರ ಸುಮಾರಿನದು, 65ಕ್ಕೆ 65 ಸೆಂ.ಮೀ. ಚೌಕ, ಅದನ್ನ ನೋಡಿ: ನಾಲ್ಕು ಹುಡುಗೀರು, ಮೇಲಿಂದ ನೋಡಿದ ಹಾಗೆ, ಒಬ್ಬಳ ಮೊಣಕೈ ಇನ್ನೊಬ್ಬಳ ಭುಜಕ್ಕೆ ದಾರಿ ತೋರಿಸುತ್ತೆ, ಕೈಗಳೆಲ್ಲ ಸೇರಿ ಒಂದು ಚಕ್ರ ತಿರುಗುತ್ತೆ. ಕಾಣದೇ ತಡಕಾಡಿದವನು ಮಾಡೋ ಕೆಲಸ ಅಲ್ಲ ಇದು. ಪೇಸ್ಟಲ್ ಅವನ ಕೈ ಹಿಡೀತು ಅನ್ನಬಹುದು, ಬ್ರಷ್ಷು, ಪ್ಯಾಲೆಟ್ಟು, ಬಣ್ಣ ಕಲಸೋದು ಏನೂ ಇಲ್ಲ, ಕಡ್ಡಿ ನೇರ ಹಾಳೆಗೆ. 1912ರಲ್ಲಿ ತುಂಬಾ ವರ್ಷದಿಂದ ಇದ್ದ ಮನೆ ಕೆಡವ್ತಾರೆ ಅಂತ ಖಾಲಿ ಮಾಡಬೇಕಾಯ್ತು, ಅಲ್ಲಿಂದ ಹೆಚ್ಚುಕಮ್ಮಿ ಕೆಲಸಾನೇ ನಿಂತುಹೋಯ್ತು. 1917ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ನಮ್ಮ ದೇಶದ ನರ್ತಕಿಯರನ್ನ ಡೆಗಾ ನೋಡಿದ್ನಾ, ಬಿಡಿಸಿದ್ನಾ? (ಬೆಂಗಳೂರು)

ಪಾಂಡಿಚೇರಿ ಹತ್ತಿರದ ತಿರುವೆಂದಿಪುರಂನಿಂದ ದೇವದಾಸಿಯರ ಒಂದು ತಂಡ 1838ರಲ್ಲಿ ಪ್ಯಾರಿಸ್‌ಗೆ ಹೋಗಿ ಕುಣಿದು ಊರೆಲ್ಲ ಮಾತಾಗಿತ್ತು, ಅದರಲ್ಲಿದ್ದ ಅಮ್ಮಣಿ ಅನ್ನೋಳ ಪುಟ್ಟ ಕಂಚಿನ ಪ್ರತಿಮೆಯನ್ನ ಬಾರ್ ಅನ್ನೋ ಶಿಲ್ಪಿ ಮಾಡಿದ್ದಾನೆ. ಡೆಗಾ ಹುಟ್ಟಿದ್ದು 1834ರಲ್ಲಿ, ನಾಲ್ಕು ವರ್ಷದ ಮಗು. ಹೊರದೇಶದ ನೃತ್ಯ ಅಂತ ಅವನು ಬಿಡಿಸಿದ್ದು 1899ರ ಆಸುಪಾಸಿನ ‘ರಷ್ಯನ್ ನರ್ತಕಿಯರು’ ಪೇಸ್ಟಲ್‌ಗಳು, ತಲೆಗೆ ಹೂವು, ಬೂಟು, ನೆಲ ಕುಟ್ಟೋ ಕುಣಿತ. ಅವರ ಉಡುಪು ಉಕ್ರೇನಿನದು ಅಂತ ಲಂಡನ್ನಿನ ನ್ಯಾಷನಲ್ ಗ್ಯಾಲರಿ 2022ರಲ್ಲಿ ತನ್ನ ಹತ್ತಿರ ಇರೋ ಚಿತ್ರದ ಹೆಸರನ್ನೇ ‘ಉಕ್ರೇನಿಯನ್ ನರ್ತಕಿಯರು’ ಅಂತ ಬದಲಾಯಿಸ್ತು.

ಡೆಗಾ ಯಹೂದಿ ದ್ವೇಷಿ, ಹೆಂಗಸರನ್ನ ಕಂಡ್ರಾಗದವನು ಅಂತ ಕೇಳಿದೀನಿ. ಅಂಥವನ ಚಿತ್ರ ರಕ್ಷಾಪುಟಕ್ಕೆ ಬೇಕಿತ್ತಾ? (ಮಂಗಳೂರು)

ಮೊದಲನೇದು ಪೂರ್ತಿ ನಿಜ, ಅದಕ್ಕೆ ಸಮಜಾಯಿಷಿ ಇಲ್ಲ. ಆಲ್‌ಫ್ರೆಡ್ ಡ್ರೇಫಸ್ ಅನ್ನೋ ಯಹೂದಿ ಸೇನಾಧಿಕಾರಿಗೆ 1894ರಲ್ಲಿ ದೇಶದ್ರೋಹದ ಸುಳ್ಳು ಆರೋಪದ ಮೇಲೆ ಶಿಕ್ಷೆ ಆಗಿ ಇಡೀ ಫ್ರಾನ್ಸ್ ಎರಡು ಹೋಳಾದಾಗ ಡೆಗಾ ಡ್ರೇಫಸ್ ವಿರೋಧಿಗಳ ಜೊತೆ ನಿಂತ. ವರ್ಷಗಟ್ಲೆ ವಾರವಾರ ಊಟಕ್ಕೆ ಹೋಗ್ತಿದ್ದ ಅಲೆವಿ ಮನೆಗೆ, ಅವರು ಯಹೂದಿ ಮೂಲದವರು, ಹೋಗೋದನ್ನೇ ಬಿಟ್ಟ. ಲುಡೊವಿಕ್ ಅಲೆವಿ ಒಪೆರಾದ ಹುಡುಗೀರು ಮತ್ತವರ ಅಮ್ಮನ ಬಗ್ಗೆ ಕತೆ ಬರೆದವನು, ಡೆಗಾ ಅದಕ್ಕೆ ಚಿತ್ರ ಮಾಡಿದ್ದ, ಅಷ್ಟು ಸ್ನೇಹ. ಹಳೇ ಜೊತೆಗಾರ ಪಿಸಾರೊನನ್ನೂ ದೂರ ಮಾಡಿದ. ಎರಡನೇದು ಅಷ್ಟು ಸರಳ ಇಲ್ಲ. ಮಾತು ಒರಟು, ಮದುವೆ ಆಗ್ಲಿಲ್ಲ, ಮಾಡೆಲ್‌ಗಳನ್ನ ಗಂಟೆಗಟ್ಲೆ ನಿಲ್ಲಿಸಿ ಗೋಳು ಹುಯ್ಕೊಳ್ತಿದ್ದ. ಅದೇ ಮನುಷ್ಯ 1877ರಲ್ಲಿ ಅಮೆರಿಕದ ಚಿತ್ರಕಾರ್ತಿ ಮೇರಿ ಕಸಾಟ್‌ಳನ್ನ ಕರೆದು ತಮ್ಮ ಇಂಪ್ರೆಷನಿಸ್ಟ್ ಗುಂಪಿನ ಪ್ರದರ್ಶನಕ್ಕೆ ಸೇರಿಸಿದ, ಬಟ್ಟೆ ಒಗೆಯೋಳ ಮಗಳು ಸುಜಾನ್ ವಲದೋನ್‌ಳ ಡ್ರಾಯಿಂಗ್ ನೋಡಿ ತಾನೇ ದುಡ್ಡು ಕೊಟ್ಟು ತಗೊಂಡು, ಎಚಿಂಗ್ (ತಗಡನ್ನ ಆಸಿಡ್‌ನಲ್ಲಿ ಕೊರೆದು ಪ್ರಿಂಟ್ ತೆಗೆಯೋದು) ಹೇಳಿಕೊಟ್ಟ. ರಕ್ಷಾಪುಟಕ್ಕೆ ಬೇಕಿತ್ತಾ ಅಂದ್ರೆ, ನನ್ನ ಅಭಿಪ್ರಾಯದಲ್ಲಿ ಬೇಕಿತ್ತು. ಜೊತೆಗೆ ಇದನ್ನೂ ಅವತ್ತೇ ಹೇಳಿದ್ರೆ ಚೆನ್ನಾಗಿತ್ತು ಅಂತ ನೀವು ಅಂದ್ರೆ ಒಪ್ತೀನಿ, ಎರಡು ಸಾಲಲ್ಲಿ ಹಿಡೀತಿರ್ಲಿಲ್ಲ ಅಷ್ಟೇ.

ಆಗ ಎಷ್ಟಕ್ಕೆ ಮಾರಾಟ ಆಗ್ತಿದ್ವು? (ಹುಬ್ಬಳ್ಳಿ, ವ್ಯಾಪಾರಸ್ಥರು)

ಹುಬ್ಬಳ್ಳಿಯಿಂದ ಈ ಪ್ರಶ್ನೆ ಬರದಿದ್ರೆ ಹೇಗೆ! 1877ರಲ್ಲಿ ಲುಯಿಸೀನ್ ಅನ್ನೋ ಅಮೆರಿಕದ ಹುಡುಗಿ, ಆಮೇಲೆ ಮಿಸೆಸ್ ಹ್ಯಾವ್‌ಮೆಯರ್ ಅಂತ ಹೆಸರಾದೋಳು, ಕಸಾಟ್ ಮಾತು ಕೇಳಿ ಒಂದು ಬ್ಯಾಲೆ ರಿಹರ್ಸಲ್ ಚಿತ್ರ, ಮಾನೋಟೈಪ್ ಮೇಲೆ ಪೇಸ್ಟಲ್, 500 ಫ್ರಾಂಕ್‌ಗೆ ತಗೊಂಡ್ಳು. ಅದೇ ಹೆಂಗಸು 1912ರಲ್ಲಿ ‘ಬಾರ್ ಹಿಡಿದ ನರ್ತಕಿಯರು’ ಚಿತ್ರಕ್ಕೆ ಕೊಟ್ಟಿದ್ದು 4,78,000 ಫ್ರಾಂಕ್, ಬದುಕಿರೋ ಕಲಾವಿದನ ಕೃತಿಗೆ ಆಗ ಅದು ದಾಖಲೆ. ಡೆಗಾಗೆ ಅದರಲ್ಲಿ ಒಂದು ಕಾಸೂ ಇಲ್ಲ, ಚಿತ್ರ ಯಾವತ್ತೋ ಸ್ನೇಹಿತ ರುವಾರ್ ಮನೆಗೆ ಹೋಗಿತ್ತು. ಹೋಗಿದ್ದೂ ಒಂದು ಕತೆ: ರುವಾರ್ ಹತ್ತಿರ ಇದ್ದ ಬೇರೊಂದು ಚಿತ್ರವನ್ನ ಸ್ವಲ್ಪ ತಿದ್ದಿ ಕೊಡ್ತೀನಿ ಅಂತ ಇಸ್ಕೊಂಡು ತಿದ್ದಿ ತಿದ್ದಿ ಹಾಳು ಮಾಡಿ, ಬದಲಿಗೆ ಇದನ್ನ ಕೊಟ್ಟಿದ್ದಂತೆ, ಆಮೇಲೆ ಇದನ್ನೂ ತಿದ್ದೋಕೆ ವಾಪಸ್ ಕೊಡು ಅಂತ ಕಾಡ್ತಿದ್ದನಂತೆ, ರುವಾರ್ ಹೆದರಿ ಚಿತ್ರಾನ ಗೋಡೆಗೆ ಚೈನ್ ಹಾಕಿ ಬಿಗಿದಿದ್ದ ಅಂತ ಹೇಳ್ತಾರೆ. ಅಂದಹಾಗೆ ಈ ಚಿತ್ರದಲ್ಲೂ ಆ ನೀರಿನ ಡಬ್ಬಿ ಇದೆ.

ಇವನ್ನೆಲ್ಲ ಎಲ್ಲಿ ನೋಡಬಹುದು? ಮತ್ತೆ ನಮ್ಮ ಮಗಳು ಮಾಡಿದ ಪೇಸ್ಟಲ್ ಚಿತ್ರಕ್ಕೆ ಫ್ರೇಮ್ ಹೇಗೆ ಹಾಕಿಸೋದು? (ಕಲಬುರಗಿ)

‘ತಾರೆ’ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಮ್ಮಲ್ಲಿದೆ, ಚಿತ್ರಕಾರ ಕೈಬೋತ್ ಸರ್ಕಾರಕ್ಕೆ ಬಿಟ್ಟುಹೋದ ಸಂಗ್ರಹದಲ್ಲಿ ಬಂದಿದ್ದು. ‘ಕಾಯುವಿಕೆ’ ಕ್ಯಾಲಿಫೋರ್ನಿಯಾದ ಗೆಟ್ಟಿ ಮತ್ತು ನಾರ್ಟನ್ ಸೈಮನ್ ಎರಡು ಮ್ಯೂಸಿಯಮ್ ಸೇರಿ ಕೊಂಡಿರೋದು. ಪುಟ್ಟ ನರ್ತಕಿಯ ಮೂಲ ಮೇಣದ ಶಿಲ್ಪ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ, ಬೇರೆ ಕಡೆ ಕಾಣೋದು ಹೆಚ್ಚಾಗಿ ಅವನು ಸತ್ತ ಮೇಲೆ ಎರಕ ಹೊಯ್ದ ಕಂಚು. ಟಿಕೆಟ್ ಮಾಡ್ಸೋ ಮುಂಚೆ ಮ್ಯೂಸಿಯಮ್ಮಿಗೆ ಬರೆದು ಕೇಳಿ, ಪೇಸ್ಟಲ್‌ಗಳನ್ನ ವರ್ಷವಿಡೀ ಗೋಡೆ ಮೇಲೆ ಬಿಡಲ್ಲ, ಬೆಳಕಿಗೆ ಕೆಲವು ಬಣ್ಣ, ಕಾಗದ ಮಾಸುತ್ತೆ, ಅಲುಗಾಟಕ್ಕೆ ಪುಡಿ ಉದುರುತ್ತೆ, ಹಾಗಾಗಿ ಮಂದ ಬೆಳಕಲ್ಲಿ ಸ್ವಲ್ಪ ಕಾಲ ಇಟ್ಟು ಮತ್ತೆ ಒಳಗೆ ಇಡ್ತಾರೆ. ಮೆಟ್ರೊಪಾಲಿಟನ್‌ನವರ ವೆಬ್‌ಸೈಟಲ್ಲಿ ಆ ಮೊಣಕೈ ಮೂಳೆಯ ಡ್ರಾಯಿಂಗನ್ನ ಪೇಪರಿನ ನಾರು ಕಾಣೋ ಹಾಗೆ ದೊಡ್ಡದು ಮಾಡಿ ನೋಡಬಹುದು, ಪುಕ್ಕಟೆ.

ಮಗಳ ಚಿತ್ರಕ್ಕೆ ಗಾಜೇ ಹಾಕ್ಸಿ, ಅಕ್ರಿಲಿಕ್ ಶೀಟ್ ಬೇಡ, ಅದನ್ನ ಒರೆಸಿದಾಗ ಹುಟ್ಟೋ ಸ್ಟ್ಯಾಟಿಕ್ ಕರೆಂಟು ಪುಡಿಯನ್ನ ಪೇಪರಿಂದ ಎಳ್ಕೊಳ್ಳುತ್ತೆ. ಗಾಜು ಚಿತ್ರಕ್ಕೆ ತಾಗದ ಹಾಗೆ ಮಧ್ಯೆ ದಪ್ಪ ಮೌಂಟ್ ಬೋರ್ಡ್ ಕೊಡೋಕೆ ಫ್ರೇಮಿನವನಿಗೆ ಒತ್ತಿ ಹೇಳಿ. ಬಿಸಿಲು ಬೀಳೋ ಗೋಡೆ, ಅಡುಗೆಮನೆ ಗೋಡೆ ಎರಡೂ ಬೇಡ. ಫ್ರೇಮ್ ಆಗೋವರೆಗೆ ಸುತ್ತಿ ಇಡಬೇಡಿ, ಮೇಲೊಂದು ಬಟರ್ ಪೇಪರ್ ಹಾಕಿ ರಟ್ಟಿನ ಮಧ್ಯೆ ಮಟ್ಟಸವಾಗಿ ಮಲಗಿಸಿಡಿ.